ಸವತಿ ಎದ್ದಳಾ?

ಮಾರ್ಚ್ 3, ಸೋಮವಾರ

ಇಪ್ಪತ್ತೆಂಟು ವರ್ಷ ಡ್ಯೂಟಿ ಪುಸ್ತಕ ಬರೆದ ಕೈ, ಸುಮ್ಮನಿರು ಅಂದರೆ ಇರುತ್ತದೆಯೇ? ಬೀರುವಿನಲ್ಲಿ ಒಂದು ಖಾಲಿ ಡ್ಯೂಟಿ ಪುಸ್ತಕ ಬಿದ್ದಿತ್ತು. ಸಮಯ, ಮಟ್ಟ, ವಾಲ್ವ್ ಸಂಖ್ಯೆ, ಷರಾ ಅಂತ ಗೆರೆ ಎಳೆದ ಪುಟಗಳು. ಗೆರೆಗಳನ್ನು ಲೆಕ್ಕಿಸದೆ ಅಡ್ಡಡ್ಡ ಬರೆಯುತ್ತಿದ್ದೇನೆ. ಯಾರಿಗೂ ತೋರಿಸುವುದಲ್ಲ, ಹಾಗಾಗಿ ಅಧಿಕಾರಿಗಳ ಸಹಿಗೆ ಜಾಗ ಬಿಟ್ಟಿಲ್ಲ.

ಕಾಲು ಮುರಿದು ಇವತ್ತಿಗೆ ಮೂರು ವಾರ. ಗುಡ್ಡದ ಮೇಲಿನ ನೀರಿನ ಟ್ಯಾಂಕಿಗೆ ನೂರಾ ಹದಿನಾಲ್ಕು ಮೆಟ್ಟಿಲು. ದಿನಕ್ಕೆ ಎರಡು ಸಲ ಹತ್ತಿ ಇಳಿದವನು ನಾನು. ಬಿದ್ದದ್ದು ಮಾತ್ರ ಕೆಳಗಿನಿಂದ ಮೂರನೇ ಮೆಟ್ಟಿಲಿನಿಂದ. ತುದಿಯಿಂದ ಬಿದ್ದಿದ್ದರೆ ಹೇಳಿಕೊಳ್ಳಲಾದರೂ ಒಂದು ಗತ್ತು ಇರುತ್ತಿತ್ತು. "ನಡೀತೀರಿ, ಅದರಲ್ಲಿ ಅನುಮಾನ ಇಲ್ಲ. ಆದರೆ ಆ ಮೆಟ್ಟಿಲಿನ ಸಹವಾಸ ಇನ್ನು ಸಾಕು" ಅಂದುಬಿಟ್ಟರು ಡಾಕ್ಟರು. ಮೆಟ್ಟಿಲು ಹತ್ತದ ನೀರಿನವನು ಯಾವ ಸೀಮೆ ನೀರಿನವನು?

ಇವತ್ತು ಎಂಜಿನಿಯರ್ ಮೇಡಂ ಮನೆಗೇ ಬಂದಿದ್ದರು. ನಮಗೊಬ್ಬ ಮಗಳಿದ್ದಿದ್ದರೆ ಇಷ್ಟೇ ವಯಸ್ಸಾಗಿರುತ್ತಿತ್ತು. ಮೇಲಿನ ಐದು ವಾಲ್ವ್‌ಗಳಿಗೂ, ಅಂದರೆ ಐದು ಬೀದಿಗಳಿಗೂ, ಹೋದ ತಿಂಗಳೇ ಮೋಟಾರು ಕೂರಿಸಿ ಒಂದು ಪುಟ್ಟ ಕಂಪ್ಯೂಟರಿಗೆ ಕಟ್ಟಿದ್ದಾರೆ. ಟ್ಯಾಂಕಿನ ಪಕ್ಕದ ಕೋಣೆಯಲ್ಲಿ ಅಂಗೈ ಅಗಲದ ಡಬ್ಬಿ. ಒಳಗೆ ಓಡುವುದು ಲಿನಕ್ಸ್ ಅನ್ನುವ ಸಾಫ್ಟ್‌ವೇರ್ ಅಂತೆ. ಪಕ್ಕದಲ್ಲಿ ಚಿಕ್ಕ ಟೀವಿಯಂಥ ಪರದೆ. ಅದರಲ್ಲಿ ಟ್ಯಾಂಕಿನ ಮಟ್ಟ, ಐದು ಗುಂಡಿ. ಮೇಡಂ ನನ್ನ ಕೈಗೊಂದು ಟ್ಯಾಬ್ ಕೊಟ್ಟರು. ಮೇಲಿನ ಪರದೆ ಇದ್ದದ್ದು ಇದ್ದ ಹಾಗೇ ನನ್ನ ಮಂಚಕ್ಕೆ ಇಳಿದು ಬಂತು. ಇಲ್ಲಿ ಗುಂಡಿ ಒತ್ತಿದರೆ ಅಲ್ಲಿ ವಾಲ್ವ್ ತೆರೆಯುತ್ತದೆ. ಯಾವ ಬೀದಿಗೆ ಎಷ್ಟು ಹೊತ್ತು ಅಂತ ಮಟ್ಟ ನೋಡಿ ತೀರ್ಮಾನಿಸುವುದು ಸದ್ಯ ಇನ್ನೂ ಮನುಷ್ಯನ ಕೆಲಸ.

"ಡಬ್ಬಿಯೊಳಗೆ ರಿಮೋಟ್ ಡೆಸ್ಕ್‌ಟಾಪ್ ಸರ್ವರ್ ಅಂತ ಒಂದಿದೆ ಸರ್. ಬಾಗಿಲು ಕಾಯೋರ ಥರ ಅಂದ್ಕೊಳ್ಳಿ. ಅದು ಎದ್ದು ಕೂತಿದ್ದರೆ ನಿಮ್ಮನ್ನ ಒಳಗೆ ಬಿಡುತ್ತೆ. ಮಲಗಿದ್ದರೆ ಇಲ್ಲ."

ಆಮೇಲೆ ಅಸಲು ವಿಷಯ. ಈ 24ರವರೆಗೆ ಪರೀಕ್ಷೆ. ಗುಂಡಿ ಒತ್ತುವುದು ಈ ಟ್ಯಾಬಿನಿಂದಲೇ ಆಗಬೇಕು, ಮೇಲಿನ ಪರದೆಯಲ್ಲಿ ಒತ್ತಿದರೆ ಲೆಕ್ಕಕ್ಕಿಲ್ಲ. ಯಾವುದೇ ಬೀದಿಯ ಸರದಿ ಒಂದು ಗಂಟೆ ಮೀರಿ ತಡವಾದರೆ ಒಂದು ತಪ್ಪು. ಮೂರು ತಪ್ಪಾದರೆ ಟ್ಯಾಂಕು ಬೇರೆಯವರ ಕೈಗೆ, ನನಗೆ ಉಗ್ರಾಣದಲ್ಲಿ ಪೈಪು ಎಣಿಸುವ ಕೆಲಸ. "ಮೇಲಿನವರನ್ನ ಒಪ್ಪಿಸೋಕೆ ಇಷ್ಟು ದಿನ ಬೇಕಾಯ್ತು ಸರ್, ನನ್ನ ಮಾನ ಉಳಿಸಿ" ಅಂದರು. ಮೇಲೆ ಏನಾದರೂ ಕೈಕೊಟ್ಟರೆ ಹತ್ತಿ ಹೋಗಿ ನೋಡಲು ನಂಬಿಕೆಯ ಒಬ್ಬರು ಬೇಕಂತೆ. ನಾನು ಯಾರ ಹೆಸರು ಹೇಳಲಿ ಅಂತ ತಲೆ ಕೆರೆದುಕೊಳ್ಳುತ್ತಿದ್ದಾಗ ಒಳಗೆ ಹೊಲಿಗೆ ಯಂತ್ರದ ಸದ್ದು ನಿಂತಿತು.

"ನಾನು ಹೋಗ್ತೀನಿ," ಅಂದಳು ಇವಳು, ಕೊರಳಲ್ಲಿ ಅಳತೆ ಟೇಪು ನೇತು ಹಾಕಿಕೊಂಡು ಬಾಗಿಲಲ್ಲಿ ನಿಂತು. ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ಆ ಗುಡ್ಡದ ಕಡೆ ತಲೆ ಹಾಕಿದವಳಲ್ಲ. ಟ್ಯಾಂಕು ಅಂದರೆ ಉರಿದು ಬೀಳುತ್ತಾಳೆ.

ಡಬ್ಬಿಗೊಂದು ಹೆಸರಿಡಬೇಕಂತೆ. "ಏನು ಅಂತ ಹಾಕೋಣ ಸರ್?"

"ಸವತಿ ಅಂತ ಹಾಕಿ," ಅಂದಳು ಇವಳು. ಮೇಡಂ ಬಿದ್ದು ಬಿದ್ದು ನಕ್ಕು ಹಾಗೇ ಟೈಪ್ ಮಾಡಿಬಿಟ್ಟರು. ಈಗ ಟ್ಯಾಬ್ ತೆಗೆದರೆ ಮೊದಲು ಕಾಣುವುದೇ ಅದು. ನನ್ನ ಮಾನ ಕಾಯುವವರು ಯಾರೂ ಇಲ್ಲ.

ಮೇಡಂ ಹೊಸಿಲಲ್ಲಿ ಇನ್ನೂ ಚಪ್ಪಲಿ ಹಾಕಿಕೊಳ್ಳುತ್ತಿದ್ದರು, ಇವಳು ಫ್ಯಾನು ಆರಿಸಿ ಆಗಿತ್ತು. ಇದೊಂದು ಚಟ. ಯಾರು ಯಾವ ಕೋಣೆಯಿಂದ ಹೊರಬಿದ್ದರೂ ಬೆನ್ನಿಗೇ ಟಪ್ ಅಂತ ಸ್ವಿಚ್ಚು.

ಮಾರ್ಚ್ 4, ಮಂಗಳವಾರ

ಮಂಚದ ಮೇಲೆ ಕೂತು ನಮ್ಮ ಮೂರನೇ ಬೀದಿಗೆ ನೀರು ಬಿಟ್ಟೆ! ಕಿಟಕಿಯಾಚೆ ನಲ್ಲಿಗಳು ಕೆಮ್ಮಿ, ಗೊರಗೊರ ಅಂದು, ಸುರಿಯತೊಡಗಿದವು. ನೀರು ಕುಡಿದಷ್ಟು ಸುಲಭ.

ಮೇಡಂ ಒಂದು ಚೀಟಿಯಲ್ಲಿ ಡಬ್ಬಿಗೆ ಕೊಡಬೇಕಾದ ಅಪ್ಪಣೆ ಅಂತ ಎರಡು ಸಾಲು ಬರೆದುಕೊಟ್ಟಿದ್ದಾರೆ. ಮೊದಲನೆಯದನ್ನು ಅವರೇ ಟೈಪ್ ಮಾಡಿ ತೋರಿಸಿದರು. ಎರಡನೆಯದನ್ನು ನೀವೇ ಮಾಡಿ, ಕೈ ಪಳಗಲಿ ಅಂದರು. ಕೆಲಸ ಸರಾಗವಾಗಿ ನಡೆಯುತ್ತಿರುವಾಗ ಎರಡನೆಯದರ ಉಸಾಬರಿ ಯಾಕೆ? ಚೀಟಿಯನ್ನು ಪುಸ್ತಕದೊಳಗೆ ಇಟ್ಟಿದ್ದೇನೆ.

ಮಾರ್ಚ್ 6, ಗುರುವಾರ

ಕೆಟ್ಟ ದಿನ. ಬೆಳಿಗ್ಗೆ ಹತ್ತಕ್ಕೆ ಕರೆಂಟು ಹೋಯಿತು, ಹತ್ತು ನಿಮಿಷಕ್ಕೆ ಬಂತು. ಟ್ಯಾಬ್ ತೆರೆದರೆ ಸವತಿ ಮಾತಾಡುತ್ತಿಲ್ಲ. ಮೂರನೇ ಬೀದಿಯ ಸರದಿ ಹತ್ತೂವರೆಗೆ.

ಇವಳನ್ನು ಕಳಿಸಿದೆ. ಅರ್ಧ ಹೊಲಿದ ಬಟ್ಟೆಯನ್ನು ಹಾಗೇ ಬಿಟ್ಟು ಹೊರಟಳು. ಕಿಟಕಿಯಿಂದ ಮೆಟ್ಟಿಲು ಕಾಣುತ್ತವೆ. ನಾಲ್ಕು ಕಡೆ ನಿಂತು ದಮ್ಮು ತೆಗೆದುಕೊಂಡಳು. ನಾನು ಇಲ್ಲಿಂದ ಹಲ್ಲು ಕಡಿಯುತ್ತಿದ್ದೆ. ಮೇಲೆ ಮುಟ್ಟಿ ಫೋನು ಮಾಡಿದಳು. ಅಲ್ಲಿನ ಕೀಬೋರ್ಡಿನಲ್ಲಿ ಒತ್ತಲು ಚೀಟಿಯ ಮೊದಲ ಸಾಲನ್ನು ಒಂದೊಂದೇ ಅಕ್ಷರ ಹೇಳಿಕೊಟ್ಟೆ.

"ಎಸ್ ಒತ್ತು."

"ಯಾವ ಎಸ್ಸು? ದೊಡ್ಡದಾ, ಚಿಕ್ಕದಾ?"

"ಚಿಕ್ಕದು!"

"ಚಿಕ್ಕದು ಇಲ್ವೇ ಇಲ್ಲ ಇಲ್ಲಿ. ಗುಂಡಿ ಮೇಲೆಲ್ಲ ದೊಡ್ಡದೇ ಬರೆದಿದೆ."

"ಅಯ್ಯೋ, ಅದನ್ನೇ ಒತ್ತೇ ಮಾರಾಯ್ತಿ, ಚಿಕ್ಕದಾಗಿ ಬರುತ್ತೆ!"

"ಹಾಗಂತ ಮೊದಲೇ ಹೇಳಬೇಕು ತಾನೇ? ನಾನೇನು ಹುಟ್ಟುತ್ತಲೇ ಕಲಿತು ಬಂದಿದೀನಾ?"

ಒಂದು ಚುಕ್ಕಿ, ಒಂದು ಖಾಲಿ ಜಾಗ, ಇಷ್ಟಕ್ಕೆ ಮುಕ್ಕಾಲು ಗಂಟೆ. ಕೊನೆಗೆ ಎದ್ದಿತು. ಮೂರನೇ ಬೀದಿಗೆ ಒಂದು ಗಂಟೆ ಐದು ನಿಮಿಷ ತಡ. ಒಂದು ತಪ್ಪು ಆಗಿಯೇ ಹೋಯಿತು. ಆ ಬೀದಿಯಲ್ಲೇ ಇರುವ ಎದುರುಮನೆ ಮೇಷ್ಟ್ರು ಖಾಲಿ ಬಕೆಟ್ಟು ಹಿಡಿದುಕೊಂಡು ನಮ್ಮ ಗೇಟಿನವರೆಗೆ ಬಂದು, ಮಾತಾಡದೆ, ಬಕೆಟ್ಟನ್ನು ಮಾತ್ರ ತೋರಿಸಿ ಹೋದರು. ನಿವೃತ್ತಿಯಾದ ಮೇಲೆ ಅವರ ಪಾಠವೆಲ್ಲ ನನಗೇ.

ಡಬ್ಬಿಯ ಹಣೆಬರಹವೇ ಸರಿಯಿಲ್ಲ.

ಮಾರ್ಚ್ 7, ಶುಕ್ರವಾರ

ಹಣೆಬರಹ ಡಬ್ಬಿಯದಲ್ಲ, ನನ್ನದು. ಮೇಡಂ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ: "ಎರಡನೇ ಸಾಲು ಟೈಪ್ ಮಾಡಿದ್ರಾ ಸರ್?"

ನಾನು ಕೆಮ್ಮಿದೆ.

"ಮೊದಲನೇದು ಸ್ಟಾರ್ಟ್. ಅಂದರೆ 'ಈಗ ಏಳು' ಅಂತ. ಎರಡನೇದು ಎನೇಬಲ್. 'ಇನ್ಮೇಲೆ ಕರೆಂಟು ಬಂದಾಗೆಲ್ಲ ನೀನಾಗೇ ಏಳು' ಅಂತ. ಎರಡನೇದು ಹೇಳದಿದ್ದರೆ ಅದು ಪ್ರತಿ ಸಲವೂ ಯಾರಾದರೂ ಬಂದು ಎಬ್ಬಿಸಲಿ ಅಂತ ಕಾಯುತ್ತೆ."

ಮಂಚದಲ್ಲೇ ಕೂತು ಎರಡನೇ ಸಾಲು ಹೊಡೆದೆ. ಇವಳನ್ನು ಮತ್ತೆ ಮೇಲೆ ಕಳಿಸಿ, ಮೇನ್ ಸ್ವಿಚ್ಚು ಆರಿಸಿ ಹಾಕಿಸಿದೆ. ಒಂದೂವರೆ ನಿಮಿಷ. "ಸವತಿ — ಸಂಪರ್ಕ ಸಿಕ್ಕಿದೆ" ಅಂತ ಬಂತು. ತಾನಾಗೇ!

"ಎದ್ದಳು ಕಣೇ!" ಅಂತ ಫೋನಿನಲ್ಲಿ ಕೂಗಿದೆ.

"ನನಗೇ ಕಾಣುತ್ತೆ, ಎದುರಿಗೇ ನಿಂತಿದೀನಿ. ಕಿವಿ ತೂತಾಯ್ತು," ಅಂದಳು.

ಇನ್ನು ಯಾರ ಹಂಗೂ ಇಲ್ಲ.

ಮಾರ್ಚ್ 10, ಸೋಮವಾರ

ಮೂರು ದಿನದಿಂದ ಎಲ್ಲ ಸರಿಯಾಗಿದೆ. ಡಾಕ್ಟರು ಇವತ್ತಿನಿಂದ ವಾಕರ್ ಹಿಡಿದು ದಿನಕ್ಕೆ ಹತ್ತು ಹೆಜ್ಜೆ ಹಾಕಲು ಹೇಳಿದ್ದಾರೆ. ಇವಳು ಸೊಂಟ ಹಿಡಿದುಕೊಂಡರೆ ಹಾಕುತ್ತೇನೆ, ಬಿಟ್ಟರೆ ಕಾಲು ನಡುಗುತ್ತದೆ. ನಾಳೆ ನೋಡೋಣ ಅಂದೆ.

"ನೀವೂ ಅವಳೂ ಒಂದೇ. ಯಾರಾದರೂ ಬಂದು ಎಬ್ಬಿಸಬೇಕು," ಅಂದಳು.

ಮಾರ್ಚ್ 11, ಮಂಗಳವಾರ

ಎರಡನೇ ತಪ್ಪು. ಮಧ್ಯಾಹ್ನ ಕರೆಂಟು ಹೋಗಿ ಬಂತು. ಸವತಿಯ ಹೆಸರೇನೋ ಕಂಡಿತು, ಆದರೆ ಒಳಗೆ ಕಾಡಿಗೆಯಂಥ ಕಪ್ಪು. ಕೆಳಗೊಂದು ಸಾಲು: "ಈಗ ಡೆಸ್ಕ್‌ಟಾಪ್ ತೋರಿಸಲಾಗುವುದಿಲ್ಲ". ಯಾಕೆ ಅಂತ ಹೇಳುವ ಸೌಜನ್ಯ ಬೇಡವೇ?

ಇವಳು ಬಟ್ಟೆ ಕೊಡಲು ಹೋಗಿದ್ದಳು. ಸುದ್ದಿ ಮುಟ್ಟಿ, ಅಲ್ಲಿಂದಲೇ ಗುಡ್ಡ ಹತ್ತುವಷ್ಟರಲ್ಲಿ ಸರದಿ ಮೀರಿ ಒಂದು ಗಂಟೆ ಇಪ್ಪತ್ತು ನಿಮಿಷ ಕಳೆದಿತ್ತು. ಡಬ್ಬಿಯನ್ನು ಒಮ್ಮೆ ಆರಿಸಿ ಹಾಕಿದಳಂತೆ, ತಕ್ಷಣ ಎದ್ದಿತಂತೆ.

ಇನ್ನೊಂದು ತಪ್ಪಾದರೆ ಪೈಪು ಎಣಿಸಬೇಕು. ಒಂದು, ಎರಡು, ಮೂರು. ಆ ಉಗ್ರಾಣದಲ್ಲಿ ನೀರಿನ ಸದ್ದೇ ಇಲ್ಲ. ನನಗೆ ನಿಜವಾಗಿ ಭಯವಾಗಿದೆ. ಯಾರ ಹತ್ತಿರವೂ ಹೇಳಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಮಾರ್ಚ್ 12, ಬುಧವಾರ

ಮೇಡಂ ಹೇಳಿದ್ದೆಲ್ಲ ಮಾಡಿದೆ. ಮೂವತ್ತು ಸೆಕೆಂಡು ತಡೆದು ಏಳು ಅಂತ ಒಂದು ಸಾಲು. ಬಿದ್ದರೆ ಮತ್ತೆ ಏಳು ಅಂತ ಇನ್ನೊಂದು. ಬರೆದದ್ದನ್ನು ಮೂರು ಸಲ ಓದಿದೆ. ಇವಳು ಮೇಲೆ ಹೋಗಿ ಮೂರು ಸಲ ಮೇನ್ ಆರಿಸಿ ಹಾಕಿದಳು. ಮೂರು ಸಲವೂ ಹೂವಿನಂತೆ ಎದ್ದಿತು.

ಇವಳು ಇವತ್ತು ಮಧ್ಯದಲ್ಲಿ ಎರಡೇ ಕಡೆ ನಿಂತಳು. ಇಳಿದು ಬಂದು, "ಮೇಲಿಂದ ನಮ್ಮ ಮನೆ ಎಷ್ಟು ಚಿಕ್ಕದಾಗಿ ಕಾಣುತ್ತೆ ರೀ! ಹಿತ್ತಲಲ್ಲಿ ನಾನು ಒಣಗಿಸಿದ ಹಸಿರು ಸೀರೆ ಕೂಡ ಕಾಣುತ್ತೆ" ಅಂದಳು. ಎಷ್ಟೋ ವರ್ಷದಿಂದ ನಾನು ಅದೇ ಹಿತ್ತಲನ್ನು ಮೇಲಿಂದ ನೋಡಿದ್ದೇನೆ, ಹೇಳಬೇಕು ಅಂತ ಹೊಳೆದಿರಲೇ ಇಲ್ಲ.

ಮಾರ್ಚ್ 14, ಶುಕ್ರವಾರ

ಮತ್ತೆ! ಕರೆಂಟು ಹೋಗಿ ಬಂತು, ಮತ್ತೆ ಅದೇ ಕಪ್ಪು. ಇವಳು ಮನೆಯಲ್ಲೇ ಇದ್ದಳು, ಎದ್ದುಬಿದ್ದು ಓಡಿದಳು. ನಲವತ್ತೇ ನಿಮಿಷದಲ್ಲಿ ನೀರು ಬಿಟ್ಟೆ, ಹಾಗಾಗಿ ತಪ್ಪು ಲೆಕ್ಕಕ್ಕೆ ಬರಲಿಲ್ಲ. ಕೂದಲೆಳೆಯಲ್ಲಿ ಪಾರು.

ಪರೀಕ್ಷೆ ಮಾಡಿದಾಗೆಲ್ಲ ಏಳುತ್ತದೆ. ನಿಜವಾಗಿ ಕರೆಂಟು ಹೋದಾಗ ಏಳುವುದಿಲ್ಲ. ಇವಳು ಅಲ್ಲಿ ನಿಂತಿದ್ದರೆ ಏಳುತ್ತದೆ. ಇಲ್ಲದಿದ್ದರೆ ಇಲ್ಲ. ಕಬ್ಬಿಣ, ತಂತಿಗೆ ಯಾರು ನಿಂತಿದ್ದಾರೆ ಅಂತ ಗೊತ್ತಾಗುತ್ತದೆಯೇ? ನನ್ನ ತಲೆ ಕೆಟ್ಟು ಹೋಯಿತು. ಇವಳು ಏದುಸಿರು ಬಿಡುತ್ತಾ ಒಳಗೆ ಬಂದ ಕೂಡಲೇ ಕೇಳಿಬಿಟ್ಟೆ:

"ನೀನು ಅಲ್ಲಿ ಏನು ಮುಟ್ಟಿ ಬರ್ತೀಯಾ?"

"ಏನು ಹಾಗಂದ್ರೆ?"

"ಏನೋ ಮುಟ್ಟಿ ಹಾಳು ಮಾಡ್ತಿದೀಯಾ. ಇಲ್ಲದಿದ್ದರೆ ನೀನು ಇಳಿದ ಮೇಲೆ ಅದು ಯಾಕೆ ಸಾಯಬೇಕು?"

ಇವಳು ನೀರಿನ ಲೋಟವನ್ನು ಅರ್ಧಕ್ಕೆ ಕೆಳಗಿಟ್ಟಳು. "ನಾನು ಮುಟ್ಟೋದಲ್ಲ, ಎಬ್ಬಿಸೋದು. ನಿಮ್ಮನ್ನೂ ಅಷ್ಟೇ, ಅದನ್ನೂ ಅಷ್ಟೇ. ಬೆಳಿಗ್ಗೆಯಿಂದ ಇದು ಎರಡನೇ ಸಲ ಹತ್ತಿರೋದು. ಹೇಗಿದೀಯಾ ಅಂತ ಒಂದು ಮಾತು ಕೇಳಿದೀರಾ?" ಅಂದು ಒಳಗೆ ಹೋದಳು. ಹೊಲಿಗೆ ಯಂತ್ರ ಅಷ್ಟು ಜೋರಾಗಿ ಓಡಿದ್ದನ್ನು ನಾನು ಯಾವತ್ತೂ ಕೇಳಿಲ್ಲ.

ಬೆಳಿಗ್ಗೆಯೂ ಹತ್ತಿದ್ದಳೇ? ಯಾಕೆ? ಕೇಳಲು ಈಗ ಮುಖವಿಲ್ಲ.

ಮಾರ್ಚ್ 15, ಶನಿವಾರ

ಮಾತಿಲ್ಲ. ಊಟ ಬರುತ್ತದೆ, ತಟ್ಟೆ ಹೋಗುತ್ತದೆ. ಕರೆಂಟು ಹೋಗಲಿಲ್ಲ.

ಮಾರ್ಚ್ 16, ಭಾನುವಾರ

ಸಿಕ್ಕಿತು! ಸಿಕ್ಕಿತು!

ಸಂಜೆ ಏಳರ ಹೊತ್ತಿಗೆ ಮಂಚದಲ್ಲಿ ಕೂತು ಇದೇ ಪುಸ್ತಕದಲ್ಲಿ ಬರೆಯಲು ಪೆನ್ನು ತೆಗೆದಿದ್ದೆ. ಇವಳು ಬಂದು, ಮಾತಾಡದೆ ಮಾತ್ರೆ ಇಟ್ಟು, ಹೊರಗೆ ಹೋಗುತ್ತಾ ಟಪ್ ಅಂತ ದೀಪ ಆರಿಸಿದಳು. ನಾನು ಒಳಗೇ ಇದ್ದೇನೆ! ಕೈಯಲ್ಲಿ ಪೆನ್ನು, ಎದುರಿಗೆ ಪುಸ್ತಕ, ಸುತ್ತ ಕತ್ತಲೆ. ಇವಳಿಗೆ ಸಿಟ್ಟಿತ್ತು ನಿಜ, ಆದರೆ ಅದು ಸಿಟ್ಟಿನಿಂದ ಆರಿಸಿದ್ದಲ್ಲ. ಕೈ ತಾನಾಗೇ ಹೋಗಿತ್ತು.

ಕತ್ತಲಲ್ಲಿ ಕೂತವನಿಗೆ ತಲೆಯೊಳಗೆ ಬೆಳಕು.

"ಏ, ಇವಳೇ! ಬಾ ಇಲ್ಲಿ, ಬೇಗ ಬಾ!"

ನಾನು ಬಿದ್ದೆನೇನೋ ಅಂತ ಓಡಿ ಬಂದಳು. ಪಾಪ.

"ಗುಡ್ಡದಿಂದ ಇಳಿಯೋ ಮುಂಚೆ ಅಲ್ಲಿ ಏನೇನು ಆರಿಸಿ ಬರ್ತೀಯಾ?"

"ಎಲ್ಲಾ," ಅಂದಳು. ಸ್ವಲ್ಪ ಜಂಬದಿಂದಲೇ. "ದೀಪ, ಫ್ಯಾನು, ಆ ಟೀವಿ ಥರದ್ದು. ಗೋಡೆ ಸ್ವಿಚ್ಚಲ್ಲೇ ಆರಿಸ್ತೀನಿ. ಡಬ್ಬಿ ಮಾತ್ರ ಆರಿಸಿ ಬರಲ್ಲ, ಮೇಡಂ ಬೇಡ ಅಂದಿದಾರೆ. ಯಾರೂ ನೋಡದೇ ಇರೋ ಟೀವಿ ಸುಮ್ಮನೆ ಯಾಕೆ ಉರೀಬೇಕು?"

ನಾನು ನಗತೊಡಗಿದೆ. ಮುರಿದ ಕಾಲು ನೋಯುವಷ್ಟು ನಕ್ಕೆ. ಇವಳು ಅಲ್ಲಿದ್ದಾಗ ಪರದೆ ಹಾಕಿರುತ್ತಾಳೆ, ಡಬ್ಬಿ ಪರದೆಯನ್ನು ಕಂಡು ಏಳುತ್ತದೆ. ಇಳಿಯುವಾಗ ಪರದೆ ಆರಿಸಿ ಬರುತ್ತಾಳೆ. ಆಮೇಲೆ ಕರೆಂಟು ಹೋಗಿ ಬಂದರೆ ಡಬ್ಬಿ ಕಣ್ಣು ಬಿಟ್ಟು ನೋಡುತ್ತದೆ, ಪರದೆಯೇ ಇಲ್ಲ. ತೋರಿಸಲು ಏನೂ ಇಲ್ಲ ಅಂದುಕೊಂಡು ಕಪ್ಪಾಗಿ ಕೂತುಬಿಡುತ್ತದೆ.

"ತಪ್ಪು ಮಾಡಿದ್ನಾ?" ಅಂದಳು. ಬಾಗಿಲ ಬೆಳಕಲ್ಲಿ ಮುಖ ಚಿಕ್ಕದಾಗಿತ್ತು.

"ತಪ್ಪು ನಿನ್ನದಲ್ಲ," ಅಂದೆ. ಬಾಯಿಂದ ಬಂದೇಬಿಟ್ಟಿತು. "ಮೊನ್ನೆ ಅಂದಿದ್ದು ಕೂಡ ನಂದೇ ತಪ್ಪು. ನೀರು ಕುಡಿಯೋಕೂ ಬಿಡಲಿಲ್ಲ ನಿನಗೆ."

ಇವಳು ದೀಪ ಹಾಕಿ ಪಕ್ಕದಲ್ಲಿ ಕೂತಳು.

ಮಾರ್ಚ್ 17, ಸೋಮವಾರ

ಮೇಡಂಗೆ ಹೇಳಿದೆ. "ಅಯ್ಯೋ, ನನಗೆ ಹೊಳೀಲೇ ಇಲ್ಲವಲ್ಲ ಸರ್! ಪರದೆ ಇಲ್ಲದೇ ಏಳೋ ಡಬ್ಬಿಗಳ ಮಾಮೂಲಿ ರೋಗ ಅದು. ಬಿಡಿ, ಇನ್ಮೇಲೆ ಪರದೆ ಆರಿಸಬೇಡಿ ಅಂತ ಆಂಟಿಗೆ ಹೇಳಿ, ಮುಗೀತು."

ಎಷ್ಟು ಸುಲಭ. ಫೋನು ಕೈಯಲ್ಲಿ ಹಿಡಿದು ಇವಳ ಕಡೆ ನೋಡಿದೆ. ಸೂಜಿಗೆ ದಾರ ಪೋಣಿಸುತ್ತಿದ್ದಳು. ಯಾಕೋ "ಆರಿಸಬೇಡ" ಅನ್ನಲು ಬಾಯಿ ಬರಲಿಲ್ಲ.

"ಬೇರೆ ದಾರಿ ಇಲ್ವಾ ಮೇಡಂ? ಅವಳು ಆರಿಸೋದನ್ನ ಆರಿಸಲಿ. ಡಬ್ಬಿಗೇ ಬುದ್ಧಿ ಹೇಳೋಕಾಗಲ್ವಾ?"

ಮೇಡಂ, "ಆಗುತ್ತೆ ಸರ್. ಪರದೆ ಇಲ್ಲದಿದ್ದರೂ ಇದೆ ಅಂದ್ಕೊಂಡು, ಇಷ್ಟಗಲ ಇಷ್ಟೆತ್ತರ ಅಂತ ಡಬ್ಬಿಗೆ ಒಂದು ಸುಳ್ಳು ಹೇಳಿಬಿಡೋಣ. ನಿಜ ಹೇಳಬೇಕಂದ್ರೆ ಇದೇ ಸರಿಯಾದ ದಾರಿ. ನಾಳೆ ಪರದೆ ಕೆಟ್ಟರೂ ತೊಂದರೆ ಇಲ್ಲ" ಅಂದರು.

ಸುಳ್ಳಿನ ಸಾಲನ್ನು ನಾನೇ ಟೈಪ್ ಮಾಡಿದೆ. ಇವಳು ಮೇಲೆ ಹೋಗಿ ಪರದೆ ಆರಿಸಿಟ್ಟು ಮೇನ್ ಆರಿಸಿ ಹಾಕಿದಳು. ಎದ್ದಿತು. ಆದರೂ ಮನಸ್ಸು ಒಪ್ಪುತ್ತಿಲ್ಲ. ಇವಳು ಅಲ್ಲೇ ನಿಂತಿದ್ದಳಲ್ಲ!

ಮಾರ್ಚ್ 20, ಗುರುವಾರ

ಜೀವಮಾನದಲ್ಲಿ ಮೊದಲ ಸಲ ಕರೆಂಟು ಹೋಗಲಿ ಅಂತ ಕಾಯುತ್ತಿದ್ದೇನೆ. ಬೇಡವಾದಾಗೆಲ್ಲ ಹೋಗುತ್ತಿದ್ದದ್ದು ಈಗ ಬಂಡೆಯಂತೆ ನಿಂತಿದೆ. ಕಾಯುತ್ತಾ ಬೇಜಾರಾಗಿ ವಾಕರ್ ಹಿಡಿದು ಬಾಗಿಲವರೆಗೆ ಹೋಗಿ ಬಂದೆ.

ಇನ್ನೊಂದು ವಿಷಯ. ಇವಳು ಬೆಳಿಗ್ಗೆ ನಾನು ಕಳಿಸದೆಯೇ ಗುಡ್ಡ ಹತ್ತಿದಳು. ಎಲ್ಲೂ ನಿಲ್ಲದೆ. ಮೇಲಿಂದ ಫೋನು:

"ನಿಮ್ಮ ಪರದೆ ಟ್ಯಾಂಕು ಎಷ್ಟಿದೆ ಅನ್ನುತ್ತೆ?"

"ಮುಕ್ಕಾಲು."

"ಸುಳ್ಳು. ಅರ್ಧವೂ ಇಲ್ಲ. ಕತ್ತರಿಯಲ್ಲಿ ತಟ್ಟಿ ನೋಡಿದೆ. ಸೊಂಟದಿಂದ ಮೇಲೆ ಟಣ್ ಅನ್ನುತ್ತೆ, ಕೆಳಗೆ ದಪ್ಪ ಸದ್ದು."

ಮಟ್ಟ ತೋರಿಸುವ ತೇಲುಬುರುಡೆ ಸಿಕ್ಕಿಹಾಕಿಕೊಂಡಿತ್ತು. ಇವಳೇ ಕೋಲಿನಿಂದ ಬಿಡಿಸಿದಳು, ನನ್ನ ಪರದೆಯ ಮೇಲೆ ನೀರು ದಡಕ್ಕನೆ ಕೆಳಗಿಳಿಯಿತು. ಗೊತ್ತಿಲ್ಲದೆ ಐದೂ ಬೀದಿಗೆ ಬಿಟ್ಟಿದ್ದರೆ ಕೊನೆಯ ಎರಡಕ್ಕೆ ಗಾಳಿಯೇ ಗತಿಯಾಗಿತ್ತು. ಅಲ್ಲಿಗೆ ಮೂರನೇ ತಪ್ಪು. ಸರದಿಯನ್ನು ಚಿಕ್ಕದು ಮಾಡಿ ಎಲ್ಲರಿಗೂ ಹಂಚಿದೆ.

ಇಳಿದು ಬಂದಾಗ ಕೇಳಿದೆ, ತಟ್ಟಿ ನೋಡುವುದನ್ನು ನಿನಗೆ ಯಾರು ಕಲಿಸಿದ್ದು ಅಂತ.

"ನೀವೇ. ಊಟಕ್ಕೆ ಕೂತಾಗೆಲ್ಲ ಅದೇ ಪುರಾಣ ಅಲ್ವಾ? ಎಲ್ಲಿ ಟಣ್ ಅನ್ನುತ್ತೆ, ಮೂರನೇ ವಾಲ್ವ್ ಎಲ್ಲಿ ಸೋರುತ್ತೆ. ಅದಕ್ಕೇ ಹತ್ತಿದಾಗೆಲ್ಲ ಆ ವಾಲ್ವ್‌ಗೆ ಬಟ್ಟೆ ಸುತ್ತಿ ಬರ್ತೀನಿ. ಆ ಜಗಳದ ದಿನ ಬೆಳಿಗ್ಗೆ ಹೋಗಿದ್ದೂ ಅದಕ್ಕೇ."

ನಾನು ಗೋಡೆಗೆ ಹೇಳುತ್ತಿದ್ದೇನೆ ಅಂದುಕೊಂಡಿದ್ದೆ. ಈ ಪುಣ್ಯಾತ್ಗಿತ್ತಿ ಇಷ್ಟು ವರ್ಷ ಎಲ್ಲ ಕೇಳಿಸಿಕೊಂಡಿದ್ದಾಳೆ. ಟೀ ನಾನೇ ಮಾಡಿದೆ, ಒಲೆಯ ಮುಂದೆ ವಾಕರ್ ಹಿಡಿದು ನಿಂತು. ಸಕ್ಕರೆ ಜಾಸ್ತಿಯಾಯಿತು ಅಂತ ಬೈದು ಪೂರ್ತಿ ಕುಡಿದಳು.

ಮಾರ್ಚ್ 22, ಶನಿವಾರ

ಹನ್ನೊಂದೂ ಹತ್ತಕ್ಕೆ ಕರೆಂಟು ಹೋಯಿತು!

ಇಬ್ಬರೂ ಮನೆಯಲ್ಲೇ ಇದ್ದೆವು. ಇವಳು ಯಂತ್ರ ಬಿಟ್ಟು ಬಂದಳು. ಮೂರನೇ ಬೀದಿಯ ಸರದಿ ಇವತ್ತು ಹನ್ನೊಂದೂವರೆಗೆ. ಗುಡ್ಡದ ಮೇಲೆ ನರಪಿಳ್ಳೆಯೂ ಇಲ್ಲ, ಪರದೆ ಆರಿದೆ. ಇದೇ ನಿಜವಾದ ಪರೀಕ್ಷೆ. ಇವಳು ಬಾಗಿಲಿಗೆ ಹೋಗಿ ಒಂದು ಕಾಲಿಗೆ ಚಪ್ಪಲಿ ಹಾಕಿ ನಿಂತಳು.

"ಇರು," ಅಂದೆ.

"ಇರ್ತೀನಿ. ಆದರೆ ಚಪ್ಪಲಿ ಬಿಚ್ಚಲ್ಲ."

ಹನ್ನೊಂದೂ ಇಪ್ಪತ್ತೈದಕ್ಕೆ ತಲೆಯ ಮೇಲಿನ ಫ್ಯಾನು ತಿರುಗಿತು. ನಾನು ಟ್ಯಾಬ್ ಹಿಡಿದುಕೊಂಡೆ. ಏನೂ ಇಲ್ಲ. ಇನ್ನೂ ಏನೂ ಇಲ್ಲ. "ನಾನು ಹೊರಡ್ತೀನಿ ರೀ," ಅಂದಳು. "ಇನ್ನೊಂದು ನಿಮಿಷ" ಅಂದೆ. ಹೆಸರು ಬಂತು. ಆಮೇಲೆ ಕಪ್ಪು. ಅದೇ ಕಪ್ಪು! ಇವಳು ಇನ್ನೊಂದು ಚಪ್ಪಲಿಗೂ ಕಾಲು ತೂರಿಸಿದಳು.

ಆಗ ಕಪ್ಪಿನ ನಡುವೆ ಟ್ಯಾಂಕು ಮೂಡಿತು. ನೀಲಿ ನೀರು. ಐದು ಗುಂಡಿ.

"ಎದ್ದಳಾ?" ಅಂದಳು ಬಾಗಿಲಿಂದ.

"ಎದ್ದಳು ಕಣೇ. ತಾನಾಗೇ ಎದ್ದಳು!" ನಾಚಿಕೆಯಿಲ್ಲದೆ ಬರೆಯುತ್ತೇನೆ, ಕಣ್ಣಲ್ಲಿ ನೀರು ಬಂತು. 

ಹನ್ನೊಂದೂವರೆಗೆ ಸರಿಯಾಗಿ ಮೂರನೇ ಗುಂಡಿ ಒತ್ತಿದೆ. ಇವಳು ಹೊಸಿಲ ಮೇಲೇ ಕೂತು ಚಪ್ಪಲಿ ಬಿಚ್ಚಿದಳು. ನಿಧಾನವಾಗಿ. "ಹಾಗಾದರೆ ಇನ್ನು ನಾನು ಹೋಗೋದು ಬೇಡ," ಅಂದಳು. ಗೆದ್ದಿದ್ದೇವೆ, ಇವಳ ದನಿ ಮಾತ್ರ ಸೋತವರ ದನಿ. ನನಗೂ ಯಾಕೋ ಅರ್ಧ ಖುಷಿ ಇಳಿದುಹೋಯಿತು.

ಮಧ್ಯಾಹ್ನ ಮೇಷ್ಟ್ರು ಗೇಟಿಗೆ ಬಂದರು. ತುಂಬಿದ ಬಕೆಟ್ಟು ಹಿಡಿದುಕೊಂಡು. "ಕರೆಂಟು ಹೋಗಿದೆ, ನೀರು ತಡ ಅಂತ ನಾನು ನಲ್ಲಿ ತೆರೆದೇ ಬಿಟ್ಟು ವಾಕಿಂಗ್ ಹೋಗಿದ್ದೆ. ನೀವು ಸರಿಯಾದ ಹೊತ್ತಿಗೆ ಬಿಟ್ಟು ಅಂಗಳವೆಲ್ಲ ಕೆರೆ," ಅಂದರು. ದೂರು ದೂರೇ. ಆದರೆ ಇಷ್ಟು ರುಚಿಯಾದ ದೂರನ್ನು ನಾನು ಕೇಳಿರಲಿಲ್ಲ.

ಮಾರ್ಚ್ 24, ಸೋಮವಾರ

ಪರೀಕ್ಷೆ ಮುಗಿಯಿತು. ತಪ್ಪು ಎರಡೇ. ಟ್ಯಾಂಕು ನನ್ನ ಕೈಯಲ್ಲೇ ಉಳಿಯಿತು. ಮೇಡಂ ಖುದ್ದು ಬಂದು ಹೇಳಿದರು. ಆಮೇಲೆ ಒಂದು ಅರ್ಜಿ ಮುಂದಿಟ್ಟರು. ಎರಡು ಖಾನೆ: ಪರದೆಯ ಮುಂದೆ ಕೂರುವವರು, ಮೇಲೆ ಹೋಗಿ ನೋಡುವವರು. ಎರಡನೆಯದಕ್ಕೆ ಆಫೀಸಿನಿಂದ ಯಾರನ್ನಾದರೂ ಹಾಕಲಾ ಅಂತ ಕೇಳಿದರು. ಈಗ ಎಬ್ಬಿಸುವ ಕೆಲಸವೇನೂ ಇಲ್ಲವಲ್ಲ, ಯಾರಾದರೂ ಆದೀತು.

"ಯಾರಾದರೂ ಆಗಲ್ಲ," ಅಂದೆ. "ಪರದೆ ಮುಕ್ಕಾಲು ಅಂದಾಗ ಅರ್ಧ ಅಂತ ಕಂಡುಹಿಡಿಯೋರು ಬೇಕು."

ಮೊದಲ ಖಾನೆಯಲ್ಲಿ ನನ್ನ ಹೆಸರು ಬರೆದೆ. ಎರಡನೆಯದರಲ್ಲಿ ಕೊನೆಯ ಅಕ್ಷರಕ್ಕೆ ಬಂದು ಪೆನ್ನು ನಿಂತಿತು. ಇವಳ ಹೆಸರನ್ನು ನಾನು ಯಾವತ್ತೂ ಬರೆದವನಲ್ಲ, ಕೂಗಿದವನೂ ಅಲ್ಲ.

"ನಿನ್ನ ಹೆಸರಿನ ಕೊನೆಗೆ ದೀರ್ಘ ಬರುತ್ತಾ?"

"ಮೂವತ್ತೊಂದು ವರ್ಷ ಆದಮೇಲೆ ಕೇಳ್ತಿದೀರಾ?" ಅಂದಳು. "ಏನು ಬರೀತಿದೀರಿ, ಎಲ್ಲಿ?" ಹತ್ತಿರ ಬಂದು ಬಗ್ಗಿ ಓದಿದಳು. ಪೆನ್ನು ಕಸಿದುಕೊಂಡು ದೀರ್ಘವನ್ನು ತಾನೇ ಎಳೆದಳು. ಮೇಡಂ ಹೋದ ಮೇಲೂ ಫ್ಯಾನು ಆರಿಸುವುದನ್ನು ಮರೆತಿದ್ದಳು.

ಸಂಜೆ ಮೆಟ್ಟಿಲಿನ ಬುಡದಲ್ಲಿ ಕುರ್ಚಿ ಹಾಕಿಸಿಕೊಂಡು ಟ್ಯಾಬ್ ಹಿಡಿದು ಕೂತೆ. ಇವಳು ಮೂರನೇ ವಾಲ್ವ್‌ಗೆ ಹೊಸ ವಾಷರ್ ಹಾಕಲು ಮೇಲೆ ಹೋಗಿದ್ದಳು. ಬಟ್ಟೆ ಸುತ್ತುವ ಕಾಲ ಮುಗಿಯಿತಂತೆ. ಬೀದಿಯ ಹೆಂಗಸೊಬ್ಬಳು ಹೋಗುತ್ತಾ, "ನೀರಿನಮ್ಮ ಮೇಲಿದಾರಾ?" ಅಂತ ಕೇಳಿದಳು. ಇಪ್ಪತ್ತೆಂಟು ವರ್ಷ ನೀರಿನವರು ಅಂದರೆ ನಾನೊಬ್ಬನೇ ಇದ್ದೆ. "ಮೇಲಿದಾರೆ" ಅಂದೆ, ಗತ್ತಿನಿಂದಲೇ ಅಂದೆ ಅನ್ನಿಸುತ್ತದೆ.

ಫೋನು ಬಂತು.

"ಎಲ್ಲಾ ನೋಡಿ ಆಯ್ತು. ಸೋರಿಕೆ ನಿಂತಿದೆ." ಆಮೇಲೆ ಸ್ವಲ್ಪ ತಡವರಿಸಿ, "ರೀ, ಈ ಪರದೆ... ಆರಿಸಲಾ?"

"ಆರಿಸು," ಅಂದೆ. "ನಿನಗೆ ಏನೇನು ಆರಿಸಬೇಕೋ ಎಲ್ಲಾ ಆರಿಸಿ ನಿಧಾನವಾಗಿ ಬಾ. ಅವಳ ಪಾಡಿಗೆ ಅವಳು ಎದ್ದಿರ್ತಾಳೆ."

ಮೇಲಿನ ಕಿಟಕಿ ಕಪ್ಪಾಯಿತು. ನನ್ನ ಮಡಿಲಲ್ಲಿ ಟ್ಯಾಂಕು ಹಾಗೇ ಬೆಳಗುತ್ತಿತ್ತು.

ಷರಾ: ಇವಳು ಇಳಿಯುವುದನ್ನು ಇವತ್ತು ಪೂರ್ತಿ ನೋಡಿದೆ. ಕೈಯಲ್ಲಿ ಕತ್ತರಿ, ಕೊರಳಲ್ಲಿ ಟೇಪು. ಎಲ್ಲೂ ನಿಲ್ಲಲಿಲ್ಲ. ಕೆಳಗಿನಿಂದ ಮೂರನೇ ಮೆಟ್ಟಿಲಿಗೆ ಬಂದಾಗ ಅಲ್ಲಿ ಜಾರುತ್ತದೆ ಅಂತ ಎದ್ದು ಹೋಗಿ ಕೈ ನೀಡಿದೆ.